ಹಸಿರು ತೋರಿಸಿದ ನಂಬರು

ಮದರಾಸಿನ ಮೈಲಾಪೂರಿನ ಒಂದು ಆಸ್ಪತ್ರೆಯ ರಕ್ತನಿಧಿಗೆ ಬೃಂದಾ ಬರೆದುಕೊಟ್ಟ ಪ್ರೋಗ್ರಾಂ ಅಂದು ಬೆಳಿಗ್ಗೆಯಷ್ಟೇ ಕೆಲಸ ಶುರುಮಾಡಿತ್ತು. ರಕ್ತದ ಪ್ರತಿ ಚೀಲಕ್ಕೂ ಆರಂಕಿಯ ನಂಬರು. ಅಂಕಿಗಳನ್ನೆಲ್ಲ ಕೂಡಿದರೆ ಬರುವ ಮೊತ್ತ ಹತ್ತರಿಂದ ಭಾಗವಾಗಬೇಕು. ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದರೂ ಪರದೆ ಕೆಂಪಾಗುತ್ತಿತ್ತು. ಸರಿಯಿದ್ದರೆ ಹಸಿರಾಗಿ, ಆ ಚೀಲದ ಪರೀಕ್ಷಾ ವರದಿ ತೆರೆದುಕೊಳ್ಳುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಏಳುವ ಮುನ್ನ ಬೃಂದಾ ಫ್ರಿಜ್ಜಿನಲ್ಲಿದ್ದ ಒಂದು ಚೀಲದ ನಂಬರು ಒತ್ತಿ ನೋಡಿದಳು. ಚೀಲದ ಮೇಲಿದ್ದದ್ದು 482718. ಅವಸರದಲ್ಲಿ ಅವಳು ಒತ್ತಿದ್ದು 482178. ಪರದೆ ಹಸಿರಾಯಿತು. ಬೇರೆ ಯಾವುದೋ ಚೀಲದ ವರದಿ ಎದುರಿಗೆ ನಿಂತಿತು.

ಅಂಕಿಗಳು ಜಾಗ ಬದಲಿಸಿದರೆ ಮೊತ್ತ ಬದಲಾಗುವುದಿಲ್ಲ. ಇಷ್ಟು ಸಣ್ಣ ವಿಷಯ ಅವಳಿಗೆ ಹೊಳೆದೇ ಇರಲಿಲ್ಲ.

“ಗುರುಚರಣ್ ಸಾರ್, ಬೆಳಿಗ್ಗೆಯಿಂದ ಎಷ್ಟು ಚೀಲ ಹೊರಗೆ ಹೋಗಿದೆ?”

ರಕ್ತನಿಧಿಯ ಅಧಿಕಾರಿ ಗುರುಚರಣ ಮದರಾಸಿನಲ್ಲೇ ಹುಟ್ಟಿ ಬೆಳೆದ ಕನ್ನಡಿಗರು; ಮಾತಿನ ನಡುವೆ ತಮಿಳು ನುಸುಳುತ್ತಿತ್ತು. “ಆಪರೇಷನ್ ಥಿಯೇಟರ್‌ಗೆ ಎರಡು. ಇಪ್ಪೋದಾನ್, ಈಗಷ್ಟೇ ಕಳಿಸ್ದೆ. ಯಾಕಮ್ಮಾ? ಎರಡೂ ಗ್ರೀನೇ ಬಂತಲ್ಲಾ?”

“ಗ್ರೀನ್ ನಂಬಬೇಡಿ ಸಾರ್! ನನ್ನ ಪ್ರೋಗ್ರಾಂನಲ್ಲೇ ತಪ್ಪಿದೆ. ಫೋನ್ ಮಾಡಿ, ಸೀದಾ ಚೀಲದ ಮೇಲಿರೋ ನಂಬರ್ ಓದೋಕೆ ಹೇಳಿ.”

ಥಿಯೇಟರಿನ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದರು. ಕೊನೆಗೆ ನರ್ಸ್ ಜಯಲಕ್ಷ್ಮೀ ಎತ್ತಿಕೊಂಡರು. ಅವರದೂ ಕನ್ನಡ ಮನೆಮಾತು.

“ಒಂದು ಹಾಕಿ ಆಯ್ತು ಸಾರ್. ಇನ್ನೊಂದು ಈಗ ಹಾಕ್ತಾ ಇದೀವಿ.”

“ಹಾಕ್ಬೇಡಿ! ಎರಡರ ನಂಬರೂ ಓದಿ, ಸೀಕ್ರಂ, ಬೇಗ!”

ಆಗಲೇ ರೋಗಿಯ ಮೈ ಸೇರಿದ್ದ ಚೀಲದ ನಂಬರು ಕಂಪ್ಯೂಟರಿನಲ್ಲಿದ್ದದ್ದಕ್ಕೆ ಸರಿಹೊಂದಿತು. ಬೃಂದಾ ಉಸಿರು ಬಿಟ್ಟಳು. ಜಯಲಕ್ಷ್ಮೀ ಎರಡನೆಯದನ್ನು ಓದಿದರು: “ನಾಲ್ಕು ಎಂಟು ಎರಡು, ಒಂಬತ್ತು ಐದು ಎರಡು.”

ಕಂಪ್ಯೂಟರಿನಲ್ಲಿ 482592 ಇತ್ತು.

ಬೃಂದಾ 482952ರ ವರದಿ ತೆರೆದಳು. ಸೋಂಕಿನ ಪರೀಕ್ಷೆ ಇನ್ನೂ ಮುಗಿದಿರಲಿಲ್ಲ.

“ಅದನ್ನ ಹಾಗೇ ವಾಪಸ್ ಕಳಿಸಿ. ಬೇರೆದನ್ನ ನಾನೇ ತರ್ತೀನಿ,” ಎಂದು ಗುರುಚರಣ ಫ್ರಿಜ್ಜಿನತ್ತ ಓಡಿದರು. ಈ ಸಲ ಇಬ್ಬರೂ ನಂಬರನ್ನು ಗಟ್ಟಿಯಾಗಿ ಓದಿ, ಹೋಲಿಸಿ ನೋಡಿದರು. ಚೀಲ ಹಿಡಿದು ಅವರೇ ಮೆಟ್ಟಿಲು ಹತ್ತಿದರು.

ರೋಗಿಗೆ ಏನೂ ಆಗಲಿಲ್ಲ. ವಾಪಸ್ ಬಂದ ಗುರುಚರಣ ಕುರ್ಚಿಯಲ್ಲಿ ಕುಸಿದು ಕೂತರು.

“ತಪ್ಪಾಗಿ ಒತ್ತಿದ್ದು ನನ್ನ ಕೈ. ನಿನ್ನ ಹೆಸರು ಯಾಕಮ್ಮಾ ಕೆಡಬೇಕು? ಸುಮ್ನೆ ಇದ್ದುಬಿಡು.”

“ಕೈ ತಪ್ಪಿದ್ರೆ ಹಿಡೀಲಿ ಅಂತಾನೇ ಅಲ್ವಾ ಸಾರ್ ನಾನು ಬರೆದಿದ್ದು?”

ಪ್ರೋಗ್ರಾಂ ನಿಲ್ಲಿಸಿ, ಮೇಲಧಿಕಾರಿಯ ಕೋಣೆಗೆ ಹೋಗಿ, ಆದದ್ದನ್ನೆಲ್ಲ ಅವಳೇ ಹೇಳಿದಳು. ಅವರು ಬೈದರು. ಆಮೇಲೆ ಕೆಳಗಿಳಿದು ಬಂದು, ಅಂಕಿ ಜಾಗ ಬದಲಿಸಿದರೆ ಮೊತ್ತವೂ ಬದಲಾಗುವಂತೆ, ಪ್ರತಿ ಅಂಕಿಯನ್ನೂ ಅದರ ಸ್ಥಾನದ ಸಂಖ್ಯೆಯಿಂದ ಗುಣಿಸಿ ಕೂಡುವ ಹೊಸ ಲೆಕ್ಕ ಬರೆಯತೊಡಗಿದಳು. ಪಕ್ಕದಲ್ಲಿ ಗುರುಚರಣ ಕುರ್ಚಿ ಎಳೆದುಕೊಂಡು ಕೂತರು.

“ಯಾವ್ಯಾವ ಥರ ತಪ್ಪು ಮಾಡ್ಬಹುದೋ ಎಲ್ಲಾ ಮಾಡಿ ಕೊಡ್ತೀನಿ. ಹಿಡಿಯುತ್ತಾ ನೋಡು,” ಎಂದರು.