ಬಾರಿ ಎಲೆ ನೀರು

ಇದನ್ನ ಪೂರ್ತಿ ಕೇಳ್ರಿ, ನಡುವೆ ಎದ್ದು ಹೋಗಬ್ಯಾಡ್ರಿ.

ಸಾವಿನ ಮನಿ ಅಂಗಳದಾಗ ಕಾಶಿಂಬಿ ಕುದಿಯೋ ನೀರಿಗೆ ಬಾರಿ ಹಣ್ಣಿನ ಗಿಡದ ಎಲೆ ಹಾಕ್ತಿದ್ಲು. ಸುಗುಣಮ್ಮ ಬಂದು ಆಕಿ ಕೈ ಹಿಡಿದು, ಮಾಟ ಮಾಡ್ತೀರೇನ್ರಿ ಅಂದ್ಲು. ಸತ್ತಿದ್ದು ಸುಗುಣಮ್ಮನ ಅತ್ತಿಗಿ ಕರುಣಮ್ಮ. ರಾಯದುರ್ಗದ ಈ ಓಣಿಯಾಗ ಕಾಶಿಂಬಿ ಜೊತಿ ಒಂದೇ ಕಟ್ಟಿ ಮ್ಯಾಲೆ ಕೂತು ಜೀನ್ಸ್ ಪ್ಯಾಂಟಿನ ದಾರ ಕತ್ತರಿಸ್ತಾ ಮುದುಕಿ ಆದಾಕಿ.

ಮಾಟ ಅಲ್ರಿ, ನಮ್ಮಾಗ ಹೆಣ ತೊಳಿಯೋ ನೀರಿಗೆ ಹಾಕ್ತೀವಿ ಅಂದ್ಲು ಕಾಶಿಂಬಿ. ಮಸೀದಿ ಕಡಿ ಹೆಂಗಸರು ತೀರಿಕೊಂಡ್ರೆ ಮೈ ತೊಳಿಯಾಕ ಆಕಿನ್ನೇ ಕರೀತಾರ. ನನ್ನೂ ನೀನೇ ತೊಳೀಬೇಕು ಅಂತ ಕರುಣಮ್ಮ ಸಾಯೋ ಮೊದಲೇ ಕೇಳಿಕೊಂಡಿದ್ಲು.

ಮಡಕಶಿರದಿಂದ ಬೆಳಿಗ್ಗೆ ಬಂದಿದ್ದ ಕರುಣಮ್ಮನ ಮಗಳು ಉಷಾ ಬಾಗಿಲಿಗೆ ಬಂದ್ಲು. ಸಣ್ಣಾಕಿ ಇದ್ದಾಗ ಕಾಶಿಂಬಿನ್ನ ಖಾಲಾ, ಅಂದ್ರ ಚಿಕ್ಕವ್ವ, ಅಂತಿದ್ಲು.

"ನೀವು ಹೊರಗ ಇರ್ರಿ. ಯೇಸುನ್ನ ಒಪ್ಪದವರ ಕೈ ನಮ್ಮವ್ವಗ ತಾಗೋದು ಬ್ಯಾಡ."

"ನಿಮ್ಮ ಯೇಸುನ್ನ ನಾವು ಈಸಾ ಅಂತೀವಿ, ನಮಗೂ ಪೈಗಂಬರನೇ, ಉಷಾ. ನನ್ನ ಮಗಳಿಗೆ ಆತನ ಅವ್ವನ ಹೆಸರೇ, ಮರಿಯಮ್ ಅಂತ, ಇಟ್ಟೀನಲ್ಲ. ತೊಟ್ಟಿಲು ತೂಗಿದಾಕಿ ನೀನು."

"ಹಂಗಾದ್ರ ಆತ ದೇವರ ಮಗ ಅಂತ ಅನ್ರಿ ನೋಡೋಣ," ಅಂದ್ಲು ಸುಗುಣಮ್ಮ.

ಆ ಮಾತು ಕಾಶಿಂಬಿ ಬಾಯಿಂದ ಬರಂಗಿಲ್ಲ, ಆಕಿ ಧರ್ಮದಾಗ ದೇವರಿಗೆ ಮಕ್ಕಳಿಲ್ಲ.

ಉಷಾ ಕೇಳಿದ್ಲು, "ಅವ್ವ ತೊಳಿಯಾಕ ನಿಮಗೇ ಯಾಕ ಹೇಳಿದ್ಲು?"

*

ಹಿಂದೊಮ್ಮೆ, ಉಷಾಗೆ ದಿನ ತುಂಬಿದ್ದಾಗ, ಕರುಣಮ್ಮನ ಎದಿಯಾಗ ಗಡ್ಡಿ ಆಗಿತ್ತು. ಬಸುರಿ ಹುಡುಗಿ ಹೆದರ್ತಾಳ, ಹೇಳಬ್ಯಾಡ ಅಂತ ಕಾಶಿಂಬಿ ಕಡಿಂದ ಆಣಿ ಮಾಡಿಸಿಕೊಂಡು, ಆಕಿ ಜೊತಿ ಬಳ್ಳಾರಿಗೆ ಹೋಗಿ ಒಂದು ಮೊಲಿ ತೆಗಿಸಿಕೊಂಡು ಬಂದ್ಲು. ಆಮ್ಯಾಲೆ ಕುಪ್ಪಸದೊಳಗ ಜೀನ್ಸ್ ಚಿಂದಿ ತುರುಕಿಕೊಂಡೇ ಓಡಾಡಿದ್ಲು.

ಕಾಶಿಂಬಿಯ ಅವ್ವ ಸತ್ತಾಗ ನೀರು ಹೊಯ್ದಾಕಿ ಕರುಣಮ್ಮನೇ. ತೊಳಿಯೋದು ಮುಗಿಯೋತನಕ ಹೆಣದ ಮ್ಯಾಲಿನ ಬಟ್ಟಿ ಸರಿಸದೇ ಇದ್ದದ್ದನ್ನ ಕಂಡಿದ್ಲು.

"ನನ್ನೂ ಹಂಗೇ ತೊಳಿ. ಯಾರೂ ನೋಡಬಾರದು. ಉಷಾನೂ," ಅಂದಿದ್ಲು ಕಾಶಿಂಬಿಗೆ.

*

ಅದನ್ನ ಹೇಳಿದ್ರೆ ಒಳಗ ಬಿಡ್ತಿದ್ರೇನೋ. ಆದ್ರ ಆಣಿ ಮಾಡಿದ್ಲು, ಅಂಗಳದ ತುಂಬ ಚರ್ಚಿನ ಮಂದಿ ಬ್ಯಾರೆ.

"ಕೇಳಿದ್ಲವ್ವ, ಅಷ್ಟೇ," ಅಂದ್ಲು ಕಾಶಿಂಬಿ. "ಯಾರರ ತೊಳೀರಿ, ಮೈಮ್ಯಾಲೆ ಒಂದು ಬಟ್ಟಿ ಹೊಚ್ಚಿ ತೊಳೀರಿ."

"ಅದು ನಿಮ್ಮ ಪದ್ಧತಿ."

ಉಷಾ ಪಾತ್ರಿ ಎತ್ತಿ ನೀರನ್ನ ಮೋರಿಗೆ ಸುರಿದ್ಲು. ಆಕಿ, ಸುಗುಣಮ್ಮ ಒಳಗ ಹೋಗಿ ಬಾಗಿಲು ಹಾಕಿಕೊಂಡ್ರು. ಒಳಗ ನೀರಿನ ಸಪ್ಪಳ ಸ್ವಲ್ಪ ಹೊತ್ತು ಇತ್ತು, ಆಮ್ಯಾಲೆ ನಿಂತುಬಿಡ್ತು. ಏನೇ ಇದು, ಯಾವಾಗ ಆತು ಅಂತ ಸುಗುಣಮ್ಮನ ದನಿ. ಕಿಟಕಿ ಹತ್ರ ಇದ್ದ ಹೆಂಗಸರು ಕುತ್ತಿಗಿ ಚಾಚಿದ್ರು. ಗುಸುಗುಸು ಅಂಗಳಕ್ಕ ಇಳೀತು, ಅಲ್ಲಿಂದ ಓಣಿಗೆ.

ಬಾಗಿಲು ತೆಗೀತು. ಉಷಾಳ ಒದ್ದಿ ಕೈಯಾಗ ನೀಲಿ ಚಿಂದಿ ಉಂಡಿ.

"ನಿಮಗ ಗೊತ್ತಿತ್ತಾ? ಒಂದು ಮಾತು ಹೇಳಬಾರದಿತ್ತಾ?"

ಕಾಶಿಂಬಿ ಮೋರಿ ಪಕ್ಕ ಕುಕ್ಕರಗಾಲಿನಾಗ ಕೂತು, ಕೆಸರಿಗೆ ಅಂಟಿದ ಬಾರಿ ಎಲಿ ಒಂದೊಂದಾಗಿ ಆರಿಸಿ ಸೆರಗಿಗೆ ಹಾಕಿಕೊಳ್ತಿದ್ಲು.

ಆಕಿ ಜಾಗದಾಗ ನೀವಿದ್ರೆ ಹೇಳ್ತಿದ್ರೇನ್ರಿ?