ಹಗ್ಗ ಸಡಿಲಿತ್ತಂತೆ

ರಸ್ತೆಯ ಮೇಲೆ ಕಣ್ಣಿಗೆ ಬಿದ್ದವರನ್ನೆಲ್ಲ ತಿದ್ದುವುದು ಶಿದ್ರಾಮಪ್ಪ ಮಾಸ್ತರರಿಗೆ ಒಂದು ಚಟ. ಬನಹಟ್ಟಿಯ ಮನೆಯಿಂದ ಜಮಖಂಡಿ ಕಡೆಯ ಹಳ್ಳಿಯಲ್ಲಿದ್ದ ಅವರ ಸಾಲೆಗೆ ಹತ್ತು ಹನ್ನೆರಡು ಕಿಲೋಮೀಟರು. ಅಷ್ಟರೊಳಗೆ ಹೆಲ್ಮೆಟ್ಟಿಲ್ಲದ ನಾಲ್ವರನ್ನು, ಕಿವಿಗೂ ಹೆಗಲಿಗೂ ನಡುವೆ ಫೋನು ಸಿಗಿಸಿಕೊಂಡ ಇಬ್ಬರನ್ನು, ಬೆನ್ನಿಗೇ ಬಂದು ಹಾರ್ನು ಬಾರಿಸುವ ಒಬ್ಬ ಕಾರಿನವನನ್ನಾದರೂ ಬೈಯದಿದ್ದರೆ ಅವರಿಗೆ ಆ ದಿನ ಶುರುವಾದಂತೆಯೇ ಅನ್ನಿಸುತ್ತಿರಲಿಲ್ಲ. "ಮುಂದಿನ ಗಾಡಿಗೂ ನಿನಗೂ ನಡುವ ಒಂದು ಎತ್ತಿನ ಬಂಡಿ ಹಿಡಿಯೋ ಅಷ್ಟು ಜಾಗಾ ಇರಬೇಕೋ ತಮ್ಮಾ" ಎಂದು ಗಾಡಿ ನಿಲ್ಲಿಸಿ ಪಾಠ ಹೇಳುವರು. ಯಾರೂ ಎದುರು ಮಾತಾಡುತ್ತಿರಲಿಲ್ಲ. ಮೂವತ್ತು ವರ್ಷದಲ್ಲಿ ಆ ರಸ್ತೆಯ ಎಡಬಲದ ಊರುಗಳಲ್ಲೆಲ್ಲ ಕೆಲಸ ಮಾಡಿದವರು. ಬೈಸಿಕೊಂಡವರಲ್ಲಿ ಅರ್ಧ ಜನ ಅವರ ಕೈಯಲ್ಲೇ ಅ ಆ ಇ ಈ ತಿದ್ದಿದವರು.

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎನ್ನುತ್ತಾರೆ. ಮಾಸ್ತರರು ತಿನ್ನುತ್ತಿದ್ದದ್ದು ಬದನೆಕಾಯಲ್ಲ, ಕಬ್ಬು. ಅದೂ ಓಡುವ ಟ್ರಾಲಿಯಿಂದ ಕಿತ್ತ ಕಬ್ಬು.

ಈ ಸೀಮೆಯಲ್ಲಿ ದೀಪಾವಳಿ ದಾಟಿತೆಂದರೆ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಒಂದು ಎಂಜಿನ್ನು, ಹಿಂದೆ ಎರಡು ಟ್ರಾಲಿ, ಮೇಲೆ ಆಳೆತ್ತರ ಕಬ್ಬು, ಡ್ರೈವರನ ತಲೆಯ ಮೇಲೆ ಭೋರೆನ್ನುವ ಹಾಡು. ಅದರ ಬೆನ್ನಿಗೆ ಬೈಕು ಹತ್ತಿಸಿ, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಇನ್ನೊಂದು ಕೈಯಿಂದ ಒಂದು ಕಬ್ಬು ಎಳೆದುಕೊಳ್ಳುವುದನ್ನು ಇಲ್ಲಿ ಯಾರೂ ಕಳವು ಅನ್ನುವುದಿಲ್ಲ. ಗಾಡಿ ತನ್ನದೇ ಹೊಲದಿಂದ ಬಂದಿದ್ದರೂ ರೈತ ನೋಡಿ ನಗುತ್ತಾನೆ. ಮಾಸ್ತರರಿಗೂ ಊರ ಹೊರಗೆ ಎರಡೆಕರೆ ಕಬ್ಬಿತ್ತು. ಬೇಕೆಂದರೆ ಬದುವಿನ ಮೇಲೆ ಕೂತು ಹೊಟ್ಟೆ ಬಿರಿಯುವಷ್ಟು ತಿನ್ನಬಹುದಿತ್ತು. ಆದರೆ ಕಿತ್ತ ಕಬ್ಬಿನ ರುಚಿ ನೆಟ್ಟ ಕಬ್ಬಿಗೆ ಎಲ್ಲಿಂದ ಬರಬೇಕು? ವಾರಕ್ಕೊಮ್ಮೆ, ಸಾಲೆ ಬಿಟ್ಟು ಮನೆಗೆ ಹೊರಟಾಗ, ರಸ್ತೆ ಖಾಲಿ ಇದೆಯೆಂದು ಕಂಡರೆ ಐವತ್ತೇಳು ವರ್ಷದ ಹೆಡ್‌ಮಾಸ್ತರರ ಎಡಗೈ ತಾನಾಗಿ ಮೇಲೇಳುತ್ತಿತ್ತು.

ಹೋದ ಡಿಸೆಂಬರಿನ ಒಂದು ಶುಕ್ರವಾರ ಸಂಜೆ ಐದರ ಸುಮಾರಿಗೆ ಅದು ಹಾಗೇ ಮೇಲೆದ್ದಿತು. ಮುಂದೆ ಟ್ರ್ಯಾಕ್ಟರು, ಎದುರಿಗೆ ಯಾರೂ ಇಲ್ಲ. ಹಿಂದೆ ಇದ್ದಾರೋ ಇಲ್ಲವೋ ಎಂದು ಅವರು ನೋಡಲಿಲ್ಲ. ಕಣ್ಣು ಪೂರ್ತಿ ಒಂದು ದಪ್ಪನೆಯ, ಕೆಂಪು ಬಣ್ಣದ ಕಬ್ಬಿನ ಮೇಲೆ ಇತ್ತು. ಟ್ರಾಲಿಯ ಬಲ ಮೂಲೆಗೆ ಒಂದು ಮೊಳದಷ್ಟು ಹತ್ತಿರ ಹೋಗಿ ಹಿಡಿದರು. ಬರಲಿಲ್ಲ. ಬಿಡಬೇಕಿತ್ತು. ಬಿಡಲಿಲ್ಲ, ಜಗ್ಗಿದರು. ಅದೇ ಹೊತ್ತಿಗೆ ಟ್ರಾಲಿ ಒಂದು ತಗ್ಗಿನಲ್ಲಿ ಎಗರಿತು. ಕೈಗೆ ಕಬ್ಬು ಬಂತು. ಅದರ ಜೊತೆಗೆ ಹಗ್ಗದ ಕೆಳಗಿದ್ದ ಒಂದು ಹೊರೆಯೇ ಜಾರಿ ರಸ್ತೆಗೆ ಬಿತ್ತು. ಮಾಸ್ತರರು ಹೇಗೋ ಬಲಕ್ಕೆ ಹೊರಳಿ ಟ್ರ್ಯಾಕ್ಟರನ್ನು ದಾಟಿ ಮುಂದೆ ಹೋದರು. ಬೆನ್ನ ಹಿಂದೆ ಏನೋ ಉಜ್ಜಿಕೊಂಡು ಬಿದ್ದ ಸಪ್ಪಳ ಕೇಳಿತು. ಕನ್ನಡಿಯಲ್ಲಿ ನೋಡಿದರೆ ಚೆಲ್ಲಿದ ಕಬ್ಬಿನ ನಡುವೆ ಒಂದು ಸ್ಕೂಟಿ ಮಲಗಿತ್ತು.

ಅರ್ಧ ಫರ್ಲಾಂಗು ಹೋಗಿ ನಿಂತರು. ಕೈಯಲ್ಲಿದ್ದ ಕಬ್ಬನ್ನು ಚರಂಡಿಗೆ ಎಸೆದು, ಕೈ ಒರೆಸಿಕೊಂಡು, ಗಾಡಿ ತಿರುಗಿಸಿ ವಾಪಸು ಬಂದರು. ನಾನು ಓಡಿಹೋಗಲಿಲ್ಲವಲ್ಲ ಎಂದು ಆಮೇಲೆ ಅವರು ತಮಗೆ ತಾವೇ ಎಷ್ಟೋ ಸಲ ಹೇಳಿಕೊಂಡರು. ಓಡಿಹೋಗಿದ್ದರೇ ವಾಸಿ ಇತ್ತು.

ಅಷ್ಟರಲ್ಲಿ ಏಳೆಂಟು ಜನ ಕೂಡಿದ್ದರು. ಬಿದ್ದವಳು ರಬಕವಿಯ ರಾಜಶ್ರೀ. ಜಮಖಂಡಿಯ ಅಂಗಡಿಗೆ ಸೀರೆ ಕೊಟ್ಟು ಮನೆಗೆ ಹೊರಟಿದ್ದ ನೇಕಾರರ ಮನೆಯ ಸೊಸೆ, ಹಿಂದೆ ಮಾಸ್ತರರಲ್ಲೇ ನಾಲ್ಕನೇ ಇಯತ್ತೆಯವರೆಗೆ ಓದಿದವಳು. ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು ರಸ್ತೆಯ ಮಗ್ಗುಲಿಗೆ ಕೂತಿದ್ದಳು. ಟ್ರ್ಯಾಕ್ಟರಿನ ಡ್ರೈವರ್ ಯಲ್ಲಾಲಿಂಗ, ಇಪ್ಪತ್ತೈದರ ಒಳಗಿನವನು, ಗಾಡಿ ನಿಲ್ಲಿಸಿ ಓಡಿ ಬಂದಿದ್ದ. ಅವನ ಅಂಗಿಯ ಕಾಲರು ಆಗಲೇ ಒಬ್ಬನ ಕೈಯಲ್ಲಿತ್ತು.

"ಹಗ್ಗ ಕಟ್ಟಾಕ ಬರಂಗಿಲ್ಲಂದ್ರ ಗಾಡಿ ಯಾಕ ಹೊಡಿತಿಲೇ? ಹಾಡು ಹಚ್ಚಾಕ ಅಟ್ಟ ಬರತೈತೇನು?"

"ನಾನ ಕಟ್ಟೀನ್ರಿ ಅಣ್ಣಾರ. ಬಿಗಿ ಐತ್ರಿ. ಯಾರರ ಬಂದು ಜಗ್ಗಿ ನೋಡ್ರಿ" ಎಂದು ಯಲ್ಲಾಲಿಂಗ ಎಲ್ಲರ ಮುಖ ನೋಡುತ್ತಿದ್ದ.

"ಸರ್ ಬಂದ್ರ ನೋಡ್ರಿ!" ಎಂದು ಯಾರೋ ದಾರಿ ಬಿಟ್ಟರು. "ಸರ್, ಈಗ ನೀವ ಇದರ ಹಿಂದಿದ್ರಿ, ಹೌದಿಲ್ರಿ? ನೀವರ ಹೇಳ್ರಿ, ಏನಾತು?"

ನೋಡಲಿಲ್ಲ ಎನ್ನಬಹುದಿತ್ತು. ಅದೂ ಸುಳ್ಳೇ, ಆದರೆ ಯಾರ ಕೊರಳಿಗೂ ಬೀಳದ ಸುಳ್ಳು. ಎಲ್ಲರೂ ಬಾಯಿ ಮುಚ್ಚಿ, ತರಗತಿಯಲ್ಲಿ ಕೂತವರಂತೆ ಅವರನ್ನೇ ನೋಡುತ್ತಿದ್ದರು. ಮೂವತ್ತು ವರ್ಷ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ ಬಾಯಿ, ಈಗಲೂ ಕೊಟ್ಟಿತು.

"ಹಗ್ಗ ಸಡಲ ಇತ್ತು."

ಮಾತು ಮುಗಿಯುವ ಮೊದಲೇ ಯಲ್ಲಾಲಿಂಗನ ಕಪಾಳಕ್ಕೆ ಏಟು ಬಿತ್ತು. ಹಿಂದೆಯೇ ಇನ್ನೊಂದು, ಬೆನ್ನಿಗೆ ಗುದ್ದು. ಅವನು ಕೈ ಅಡ್ಡ ಹಿಡಿಯಲಿಲ್ಲ. ಮಾಸ್ತರರನ್ನೇ ನೋಡುತ್ತ, "ಸರ್, ಬಿಗಿ ಐತ್ರಿ ಸರ್" ಎಂದ. ಮಾಸ್ತರರು ಅವನಿಗೆ ಬೆನ್ನು ಮಾಡಿ ರಾಜಶ್ರೀಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ಭಾಳ ನೋಯ್ತೈತೇನವ್ವಾ?" ಎಂದು ಕೇಳಿದರು.

"ನೀನೂ ನೋಡಿಯೇನಬೇ ತಂಗಿ? ಸಡಲ ಇತ್ತ?" ಎಂದು ಮೇಲಿಂದ ಒಬ್ಬ ಕೇಳಿದ.

ರಾಜಶ್ರೀ ಒಂದು ಗಳಿಗೆ ಮಾಸ್ತರರ ಮುಖ ನೋಡಿದಳು. "ಹೌದ್ರಿ" ಎಂದಳು. "ಸರ್ ಹೇಳಿದ್ದ ಖರೆ."

ಯಾರದೋ ಕಾರಿನಲ್ಲಿ ಅವಳನ್ನು ಆಸ್ಪತ್ರೆಗೆ ಕಳಿಸಿದ್ದಾಯಿತು. ಮಣಿಕಟ್ಟಿನ ಎಲುಬು ಮುರಿದಿತ್ತು. ಆರು ವಾರ ಪ್ಲಾಸ್ಟರು.

ಶನಿವಾರ ಇಡೀ ದಿನ ಮಾಸ್ತರರು ರಸ್ತೆಯ ಮೇಲೆ ಯಾರನ್ನೂ ಬೈಯಲಿಲ್ಲ. ಸ್ಟಾಫ್ ರೂಮಿನಲ್ಲಿ ಯಾರೋ "ಕಬ್ಬು" ಎಂದರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವಂತಾಗುತ್ತಿತ್ತು. ನಾಚಿಕೆ ಎಂಬುದು ಮುಖ ಕೆಂಪಾಗುವ ಸಂಗತಿ ಎಂದು ಅವರು ತಿಳಿದಿದ್ದರು. ಊಟ ಸೇರದ ಸಂಗತಿಯೂ ಹೌದೆಂದು ಈ ವಯಸ್ಸಿನಲ್ಲಿ ಗೊತ್ತಾಯಿತು. ರವಿವಾರ ಮುಂಜಾನೆ ಒಂದು ಡಜನ್ ಬಾಳೆಹಣ್ಣು ತೆಗೆದುಕೊಂಡು ರಬಕವಿಗೆ ಹೋದರು.

ರಾಜಶ್ರೀಯ ಅತ್ತೆ ರುಕ್ಮವ್ವ ಬಾಗಿಲಿಗೇ ಬಂದು ನೀರು ಕೊಟ್ಟಳು. ಪಡಸಾಲೆಯಲ್ಲಿ ಮಗ್ಗ ಸುಮ್ಮನಿತ್ತು. ಅರ್ಧ ನೇಯ್ದ ಹಸಿರು ಸೀರೆಯ ಮೇಲೆ ಧೂಳು ಬೀಳದಂತೆ ಒಂದು ಹಳೆಯ ಧೋತರ ಹೊದಿಸಿದ್ದರು.

"ಬರ್ರಿ ಸರ್, ಕುಂದರ್ರಿ. ನೀವು ದೇವರಂಗ ಅಲ್ಲಿದ್ರಿ. ಇಲ್ಲಂದ್ರ ಆ ಹಲ್ಕಟ್ ಡ್ರೈವರ ತಪ್ಪ ಒಪ್ಕೊಂತಿದ್ದಿಲ್ಲ. ಮಾಲಕ ಅವನ್ನ ಕೆಲಸದಿಂದ ತಗದಾನಂತ. ಛಲೋ ಆತು" ಎಂದು ರುಕ್ಮವ್ವ ಚಹಾ ಇಡಲು ಒಳಗೆ ಹೋದಳು.

ಮಾಸ್ತರರಿಗೆ ಬಾಳೆಹಣ್ಣಿನ ಚೀಲ ಎಲ್ಲಿಡಬೇಕೋ ತಿಳಿಯಲಿಲ್ಲ. "ರಾಜಶ್ರೀ, ಅವತ್ತ..." ಎಂದು ಶುರು ಮಾಡಿದರು.

"ಏನೂ ಹೇಳಬ್ಯಾಡ್ರಿ ಸರ್" ಎಂದು ಅವಳು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದಳು. "ನಾ ಎಲ್ಲಾ ನೋಡೇನ್ರಿ. ಯಾರ ಮುಂದೂ ಬಾಯಿ ಬಿಡಂಗಿಲ್ಲ."

"ನೋಡೀಯೇನು?"

"ಎರಡು ಕಿಲೋಮೀಟರಿನಿಂದ ನಿಮ್ಮ ಹಿಂದ ಬರಾಕತ್ತಿದ್ನಿರಿ. ನೀವು ಸಾವಕಾಶ ಹೊಂಟಿದ್ರಿ. ಮಾಸ್ತರನ್ನ ದಾಟಿ ಹೋಗೋದು ಛಲೋ ಕಾಣಂಗಿಲ್ಲ ಅಂತ ಹಿಂದ ಉಳದೆ. ನೀವು ಕಬ್ಬಿಗೆ ಕೈ ಹಾಕಿದ್ದು ನೋಡಿ ನಗು ಬಂತ್ರಿ. ಅಯ್ಯ, ನಮ್ಮ ಸರೂ ಕೀಳತಾರಲ್ಲ ಅಂತ ನೋಡಕೋತ ಭಾಳ ಹತ್ತಿರ ಬಂದಬಿಟ್ಟೆ. ತಪ್ಪು ನಂದೂ ಐತ್ರಿ."

ಅವಳು ಅದನ್ನು ಸಮಾಧಾನ ಹೇಳುವ ದನಿಯಲ್ಲಿ ಹೇಳಿದಳು. ಕೈ ಮುರಿದುಕೊಂಡವಳು, ಮುರಿದವನಿಗೆ ಸಮಾಧಾನ ಹೇಳುತ್ತಿದ್ದಳು. ಚಹಾ ಬಂತು. ರುಕ್ಮವ್ವ ಸಕ್ಕರೆ ಧಾರಾಳವಾಗಿ ಹಾಕಿದ್ದಳು. ಮಾಸ್ತರರು ಅದನ್ನು ಬಸಿಗೆ ಹೊಯ್ದುಕೊಂಡು, ತಲೆ ಎತ್ತದೆ ಕುಡಿದು ಮುಗಿಸಿದರು. ಬೈಗುಳವಾದರೆ ತಡೆದುಕೊಳ್ಳಬಹುದಿತ್ತು, ಈ ಮರ್ಯಾದೆಯನ್ನು ತಡೆದುಕೊಳ್ಳುವುದು ಅವರಿಂದ ಆಗಲಿಲ್ಲ.

ಮರುದಿನ ರಜೆ ಹಾಕಿ ಚಿಕ್ಕಪಡಸಲಗಿಗೆ ಹೋದರು. ಟ್ರ್ಯಾಕ್ಟರಿನ ಮಾಲಕ ಹಾಲಸಿದ್ದಪ್ಪ ಹೊಲದಲ್ಲೇ ಇದ್ದ. ಕಬ್ಬು ಕಡಿಯುವ ಗ್ಯಾಂಗು ಟ್ರಾಲಿ ತುಂಬುತ್ತಿತ್ತು. ಸಾಲಾಗಿ ಹಲಗೆ ಏರುತ್ತಿದ್ದ ಆಳುಗಳ ನಡುವೆ, ತಲೆಗೆ ಸಿಂಬಿ ಸುತ್ತಿಕೊಂಡು ಹೊರೆ ಹೊತ್ತವನೊಬ್ಬ ಯಲ್ಲಾಲಿಂಗ. ಶುಕ್ರವಾರದವರೆಗೆ ಅದೇ ಟ್ರ್ಯಾಕ್ಟರಿನ ಸೀಟಿನ ಮೇಲೆ ಕೂತಿದ್ದವನು, ಈಗ ಗ್ಯಾಂಗಿನ ಕೂಲಿ.

"ಹಾಲಸಿದ್ದಪ್ಪ, ಹಗ್ಗ ಬಿಗಿ ಇತ್ತು" ಎಂದರು ಮಾಸ್ತರರು, ಕೂರಲು ಹೇಳುವ ಮೊದಲೇ. "ಕಬ್ಬು ನಾ ಕಿತ್ತೆ. ಜಗ್ಗಿದಾಗ ಹೊರಿ ಜಾರಿತು. ಸುಳ್ಳು ಹೇಳಿದೆ. ಆ ಹುಡುಗನದೇನೂ ತಪ್ಪಿಲ್ಲ."

ಹಾಲಸಿದ್ದಪ್ಪ ಗಹಗಹಿಸಿ ನಕ್ಕ. "ನೀವು? ಕಬ್ಬು ಕಿತ್ರಿ? ಓಡೋ ಗಾಡ್ಯಾಗಿಂದ?" ಗ್ಯಾಂಗಿನವರೂ ನಕ್ಕರು. "ಸರ್, ನಿಮ್ಮ ಮನಸು ಭಾಳ ದೊಡ್ಡದು. ಬಡವರ ಹುಡುಗನ ಕೆಲಸ ಹೋತಂತ ತಪ್ಪು ಮೈಮ್ಯಾಲ ಹಾಕ್ಕೊಳ್ಳಾಕ ಬಂದೀರಿ. ಯಲ್ಲಾಲಿಂಗಾ, ಬಾ ಇಲ್ಲಿ, ಸರ್ ಕಾಲು ಬೀಳು."

ಯಲ್ಲಾಲಿಂಗ ಹೊರೆ ಇಳಿಸಿ ಹತ್ತಿರ ಬಂದ. ಬಗ್ಗಲಿಲ್ಲ.

"ಖರೇನ ಹೇಳಾಕತ್ತೇನಿ" ಎಂದರು ಮಾಸ್ತರರು. ತಮ್ಮ ಒಳ್ಳೆಯ ಹೆಸರು ತಮ್ಮದೇ ಬಾಯಿ ಕಟ್ಟಿದ್ದು ಕಂಡು ಅವರಿಗೆ ಅಳು ಬರುವಂತಾಯಿತು. ಫೋನು ತೆಗೆದು ರಾಜಶ್ರೀಗೆ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಮಾಡಿ ಹಿಡಿದರು. "ರಾಜಶ್ರೀ, ಇಲ್ಲಿ ಮಂದಿ ಅದಾರ. ಅವತ್ತ ಏನ್ ನೋಡಿದಿ, ಹೇಳವ್ವ."

"ನಾ ಏನೂ ನೋಡಿಲ್ರಿ ಸರ್" ಎಂದಿತು ಫೋನು. "ಹಗ್ಗ ಸಡಲ ಇತ್ತು."

ಹಾಲಸಿದ್ದಪ್ಪ ಮತ್ತೆ ನಕ್ಕ.

"ಸಾಲ್ಯಾಗ ನಿನಗ ಸುಳ್ಳು ಹೇಳಾಕ ಕಲಿಸಿದ್ನೇನು ನಾನು?" ಎಂದು ಮಾಸ್ತರರು ಗದರಿದರು, ಹಳೆಯ ಅಭ್ಯಾಸದಿಂದ.

"ಸಾಲ್ಯಾಗ ಇಲ್ರಿ ಸರ್" ಎಂದಳು ರಾಜಶ್ರೀ, ಸಣ್ಣ ದನಿಯಲ್ಲಿ. "ಅವತ್ತ ರೋಡಿನ್ಯಾಗ ನೀವು ಅಂದ್ರಲ್ಲ, ಅದಕ್ಕ ನಾನೂ ಅಂದೆ. ಕಬ್ಬು ನೀವ ಜಗ್ಗಿದ್ರಿ. ನೋಡೇನಿ."

ನಗು ನಿಂತಿತು. ಹಲಗೆಯ ಮೇಲಿದ್ದ ಆಳು ಹೊರೆ ಹೊತ್ತುಕೊಂಡೇ ತಿರುಗಿ ನೋಡಿದ. ಹಾಲಸಿದ್ದಪ್ಪ ಜೇಬಿನಿಂದ ಟ್ರ್ಯಾಕ್ಟರಿನ ಕೀಲಿ ತೆಗೆದು, ಯಾರ ಮುಖವನ್ನೂ ನೋಡದೆ ಯಲ್ಲಾಲಿಂಗನ ಕೈಗೆ ಕೊಟ್ಟ. ಮಾಸ್ತರರಿಗೆ ಕುಂದರ್ರಿ ಎಂದು ಯಾರೂ ಹೇಳಲಿಲ್ಲ.

"ತಪ್ಪಾತಪ್ಪಾ, ಯಲ್ಲಾಲಿಂಗ" ಎಂದು ಮಾಸ್ತರರು ಕೈ ಮುಗಿದರು.

"ನನಗ ಹೇಳಿದ್ರ ಏನಾಕ್ಕೈತ್ರಿ? ಹಗ್ಗ ಬಿಗಿ ಇತ್ತಂತ ನನಗ ಅವತ್ತ ಗೊತ್ತಿತ್ತು" ಎಂದ ಯಲ್ಲಾಲಿಂಗ. ಸಿಟ್ಟಿನಲ್ಲಿ ಹೇಳಲಿಲ್ಲ. "ನನ್ನ ಬಡದಾವ್ರಿಗೆ ಹೇಳ್ರಿ."

"ಅವರು ಯಾರಂತ..."

"ನಿಮಗ ಗೊತ್ತಿರತೈತ್ರಿ. ಎಲ್ಲಾರೂ ನಿಮ್ಮನ್ನ ಸರ್ ಅನ್ನಾಕತ್ತಿದ್ರು."

ಹೌದು, ಗೊತ್ತಿತ್ತು. ಕಪಾಳಕ್ಕೆ ಹೊಡೆದವನ ಹೆಸರು, ಅವನ ಅಪ್ಪನ ಹೆಸರು, ಅವನು ಯಾವ ವರ್ಷ ಏಳನೆಯದು ಪಾಸಾದ ಎಂಬುದು. ಗುದ್ದಿದವನದು, ಕಾಲರು ಹಿಡಿದವನದು, ಸುಮ್ಮನೆ ನಿಂತು ನೋಡಿದವರದು. ಹಾಜರಿಯಲ್ಲಿ ದಿನಾ ಕೂಗಿದ ಹೆಸರುಗಳು. ಮಾಸ್ತರರು ಬೈಕು ಹತ್ತಿದರು. ಮೊದಲನೆಯವನ ಮನೆಯ ಬಾಗಿಲಲ್ಲಿ ನಿಂತು ಮಾತು ಹೇಗೆ ಶುರು ಮಾಡಬೇಕೆಂಬುದು ಜಮಖಂಡಿ ದಾಟಿದರೂ ಅವರಿಗೆ ಹೊಳೆಯಲಿಲ್ಲ.