ರುಚಿ ನೋಡದ ಕೈ

ಹಿರಿಯೂರಿನಲ್ಲಿ ಬಸ್ಸಿಳಿದು ಅಮೆರಿಕಾ ಹೋಟೆಲ್ ಎಲ್ಲಿ ಎಂದು ಕೇಳಿದರೆ ಯಾರಾದರೂ ನಮ್ಮ ಹೋಟೆಲು ತೋರಿಸುತ್ತಾರೆ. ಬೋರ್ಡಿನ ಮೇಲೆ ಇರುವುದು ‘ಚೈನಾ ಅಮೆರಿಕಾ ಹೋಟೆಲ್’. ನಮ್ಮ ಮನೆಯಲ್ಲಿ ಚೈನಾ ಕಂಡವರೂ ಇಲ್ಲ, ಅಮೆರಿಕಾ ಕಂಡವರೂ ಇಲ್ಲ. ನನ್ನ ಮಾವ ಸಣ್ಣತಿಮ್ಮಪ್ಪ ಹರಿಯಬ್ಬೆಯಿಂದ ಬೆಂಗಳೂರಿಗೆ ಹೋಗಿ, ಕಲ್ಕತ್ತೆ ಕಡೆಯಿಂದ ಬಂದ ಒಂದು ಚೀನೀ ಕುಟುಂಬದ ಹೋಟೆಲಿನಲ್ಲಿ ಹನ್ನೊಂದು ವರ್ಷ ಪಾತ್ರೆ ತೊಳೆದರು. ತೊಳೆಯುತ್ತಲೇ ಓರೆಗಣ್ಣಿನಲ್ಲಿ ಅಡುಗೆ ಕಲಿತರು. ಅಲ್ಲಿ ಜನ ಮುಗಿಬಿದ್ದು ತಿನ್ನುತ್ತಿದ್ದದ್ದು ಅಮೆರಿಕನ್ ಚಾಪ್ಸಿ ಎಂಬ ತಿನಿಸಂತೆ. ಗರಿಗರಿಯಾಗಿ ಕರಿದ ನೂಡಲ್ಸು, ಮೇಲೆ ಸಿಹಿಹುಳಿ ಕೆಂಪು ಗೊಜ್ಜು, ಅದರ ಮೇಲೊಂದು ಮೊಟ್ಟೆ. ತೊಂಬತ್ಮೂರರಲ್ಲಿ ವಾಪಸು ಬಂದು ಹೆದ್ದಾರಿ ಪಕ್ಕ ಹೋಟೆಲು ಹಾಕಿದಾಗ ಎರಡೂ ದೇಶದ ಹೆಸರು ಬರೆಸಿಬಿಟ್ಟರು. ಹರಿಯಬ್ಬೆಯವರು ಈತ ಅಮೆರಿಕಕ್ಕೇ ಹೋಗಿದ್ದ ಎಂದುಕೊಂಡರು. ಮಾವ ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ.

ಆಗ ಈ ಊರಲ್ಲಿ ನೂಡಲ್ಸು ಸಿಗುತ್ತಿರಲಿಲ್ಲ. ಅತ್ತೆ ಓಬಮ್ಮ ಶ್ಯಾವಿಗೆ ಮಣೆ ಮುಂದೆ ಕುಳಿತು, ಗೋಧಿ ಕಣಕವನ್ನು ಅಂಗೈಯಲ್ಲಿ ಹೊಸೆದು ಎಳೆ ತೆಗೆದು, ಕೋಲಿಗೆ ಹಾಕಿ ಒಣಗಿಸಿ ಕೊಟ್ಟರು. ಹಿರಿಯೂರು ಮೊದಲು ತಿಂದ ಚೈನೀಸ್ ಊಟ ನಮ್ಮತ್ತೆಯ ಅಂಗೈಯಿಂದ ಬಂದದ್ದು. ಎರಡು ವರ್ಷ ಕಳೆದ ಮೇಲೆ ಮಾವನಿಗೆ ಟೈಫಾಯಿಡ್ ಆಗಿ ಅತ್ತೆಯೇ ಬಾಣಲೆ ಹಿಡಿದರಂತೆ. ಮೂರನೇ ದಿನಕ್ಕೆ ಗಿರಾಕಿಗಳು, ಇನ್ನೂ ಸ್ವಲ್ಪ ದಿನ ಮಲಗಿರಲಿ ಬಿಡಿ ನಿಮ್ಮ ಯಜಮಾನ್ರು, ಅಂದರು. ಮಾವ ಎದ್ದು ಬಂದವರು ಸುಮ್ಮನೆ ಗಲ್ಲಾಪೆಟ್ಟಿಗೆ ಹಿಂದೆ ಕುಳಿತುಬಿಟ್ಟರು. ಇರುವವರೆಗೂ ಅಲ್ಲೇ ಇದ್ದರು. ಗಂಡಸರಲ್ಲಿ ಅಷ್ಟು ಬುದ್ಧಿ ನಾನು ಬೇರೆಲ್ಲೂ ಕಂಡಿಲ್ಲ.

ನಾನು ಯಮುನಾ, ಈ ಮನೆಯ ಸೊಸೆ, ಹನುಮೇಶರ ಹೆಂಡತಿ, ಹೊಳಲ್ಕೆರೆಯವಳು. ಒಂಬತ್ತು ವರ್ಷದ ಹಿಂದೆ ಮದುವೆಯಾಗಿ ಬಂದ ವಾರಕ್ಕೇ ಒಂದು ನೋಟ್‌ಬುಕ್ ಹಿಡಿದು ಅತ್ತೆಯ ಹಿಂದೆ ಬಿದ್ದೆ. ಎಷ್ಟು ಸೋಯಾ, ಎಷ್ಟು ವಿನೆಗರ್, ಎಷ್ಟು ಉಪ್ಪು, ಎಲ್ಲಾ ಬರೆದುಕೊಳ್ಳುವ ಹುಮ್ಮಸ್ಸು. ಅವರು ಏನೂ ಹೇಳಲಿಲ್ಲ. ನಾನು ಕಂಡುಹಿಡಿದದ್ದು ಒಂದೇ ವಿಷಯ, ಅದೂ ನನ್ನನ್ನು ಬೆಚ್ಚಿಬೀಳಿಸಿತು. ಅತ್ತೆ ಯಾವುದನ್ನೂ ರುಚಿ ನೋಡುತ್ತಿರಲಿಲ್ಲ. ಒಂದು ಹನಿ ಗೊಜ್ಜನ್ನೂ ನಾಲಿಗೆಗೆ ಹಚ್ಚುತ್ತಿರಲಿಲ್ಲ.

“ಉಪ್ಪು ಸರಿ ಐತೋ ಇಲ್ವೋ ಹೆಂಗೆ ಗೊತ್ತಾಗ್ತೈತೆ ಅತ್ತೆ?” ಎಂದೆ.

“ನಿಮ್ಮನೇಲಿ ಹಬ್ಬದ ದಿನ ಎಡೆ ಇಡಕ್ಕೆ ಮುಂಚೆ ನೆಕ್ಕಿ ನೋಡ್ತೀರೇನೇ?”

“ಇಲ್ಲ. ಎಂಜಲಾಗಲ್ವಾ?”

“ಇದೂ ಅಷ್ಟೇ.”

ಗೋಬಿ ಮಂಚೂರಿಗೂ ಎಡೆಗೂ ಏನು ಸಂಬಂಧ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಮಧ್ಯಾಹ್ನ ಎಲ್ಲರದೂ ಆದ ಮೇಲೂ ಅವರು ತಿನ್ನುತ್ತಿದ್ದದ್ದು ಮುದ್ದೆ, ಸೊಪ್ಪಿನ ಸಾರು. ಚಾಪ್ಸಿ ಅವರಿಗೆ ಸೇರುತ್ತಲೇ ಇರಲಿಲ್ಲ. ಬಾಣಲೆಯ ಹಬೆಗೆ ಮುಖ ಒಡ್ಡಿ ನಿಲ್ಲುವುದನ್ನು ನೋಡಿ, ಇವರ ನಾಲಿಗೆ ಇರುವುದು ಮೂಗಿನಲ್ಲಿ ಎಂದು ತೀರ್ಮಾನಿಸಿ ನೋಟ್‌ಬುಕ್ ಅಟ್ಟಕ್ಕೆ ಹಾಕಿದೆ.

ಕಳೆದ ತಿಂಗಳು ಒಂದು ಬೆಳಿಗ್ಗೆ ಹಿಂಬಾಗಿಲಿಂದ ಅಡುಗೆಮನೆಗೆ ಕಾಲಿಟ್ಟವಳು ಹಾಗೇ ನಿಂತೆ. ಗ್ಯಾಸಿನ ವಾಸನೆ ಮುಖಕ್ಕೆ ಹೊಡೆಯಿತು. ಭಟ್ಟಿಯ ಎದುರು ಅತ್ತೆ ಕೈಯಲ್ಲಿ ಬೆಂಕಿಪೊಟ್ಟಣ ಹಿಡಿದು, ಕಡ್ಡಿ ತೆಗೆಯುತ್ತಿದ್ದರು. ಓಡಿಹೋಗಿ ಕಿತ್ತುಕೊಂಡೆ. ಸಿಲಿಂಡರ್ ಬಂದ್ ಮಾಡಿದೆ, ಕಿಟಕಿ ತೆಗೆದೆ, ಕೈ ಹಿಡಿದು ಅವರನ್ನು ಹಿತ್ತಲಿಗೆ ಎಳೆದುಕೊಂಡು ಬಂದೆ. ಪೈಪು ಸೀಳಿತ್ತು. ಅವರು ಮಾತ್ರ ಏನಾಯಿತು ಎನ್ನುವಂತೆ ನನ್ನ ಮುಖ ನೋಡುತ್ತಿದ್ದರು.

“ಅತ್ತೆ, ವಾಸ್ನೆ ಬರ್ಲಿಲ್ವಾ ನಿಮಗೆ?”

ಹಿತ್ತಲ ಕಟ್ಟೆಯ ಮೇಲೆ ಕುಳಿತರು. “ಆ ಕೊರೋನಾ ಜ್ವರ ಬಂತಲ್ಲ, ಅವತ್ತೇ ಹೋಯ್ತು ಕಣೇ. ಮತ್ತೆ ಬರ್ಲೇ ಇಲ್ಲ.”

“ಮತ್ತೆ ದಿನಾ ಹಬೆಗೆ ಮುಖ ಒಡ್ಡಿ ನೋಡ್ತಿದ್ರಲ್ಲ?”

“ನೀನು ನೋಡ್ತಿರ್ತೀಯಲ್ಲ, ಅದಕ್ಕೆ.”

ಆ ಜ್ವರ ಬಂದು ನಾಲ್ಕು ವರ್ಷ. ನಾಲಿಗೆಯಿಂದ ನೋಡಲಿಲ್ಲ, ಮೂಗಿನಿಂದಲೂ ನೋಡಲಿಲ್ಲ. ಅಷ್ಟೂ ದಿನ ಲಾರಿಯವರು, ಬಸ್ಸಿನವರು, ತೆಂಗಿನಕಾಯಿ ಮಂಡಿಯವರು ತಟ್ಟೆ ಬಳಿದು ತಿಂದು ಹೋಗಿದ್ದಾರೆ. ಒಂದು ತಟ್ಟೆ ವಾಪಸು ಬಂದಿಲ್ಲ. ಎದುರು ಕುಳಿತಿದ್ದ ಆ ಸಣ್ಣ ದೇಹವನ್ನು ನಾನು ಮೊದಲ ಸಲ ನೋಡುತ್ತಿರುವಂತೆ ನೋಡಿದೆ.

“ಹನುಮೇಶಂಗೆ ಹೇಳ್ಬೇಡ,” ಎಂದರು. “ಭಟ್ಟಿ ಬಿಡಿಸ್ತಾನೆ. ಅದು ಬಿಟ್ರೆ ನಾನೆಲ್ಲಿ ನಿಂತ್ಕಳ್ಲಿ?”

ಹೇಳದೇ ಇರೋಣ ಎನಿಸಿತು. ಆದರೆ ಆ ಕಡ್ಡಿ ಗೀರಿದ್ದರೆ ಎಂಬುದು ಕಣ್ಣ ಮುಂದೆ ಬಂತು. ಹೇಳಿದೆ. ಹನುಮೇಶ್ ಪೈಪು ಬದಲಾಯಿಸಿದರು, ತಾಯಿಯನ್ನು ಬೈಯಲಿಲ್ಲ. “ಅವ್ವ, ಸಾಕು. ಅಪ್ಪನ ಜಾಗದಲ್ಲಿ ಕುಂತ್ಕ. ಅಡಿಗೆ ನಾನು, ಯಮುನಾ ನೋಡ್ಕತೀವಿ,” ಎಂದರು, ಅಷ್ಟೇ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನನ್ನ ಕಾಲ ಬಂತೆಂದು ನನಗೆ ಕಿಂಚಿತ್ತೂ ಖುಷಿಯಾಗಲಿಲ್ಲ. ದ್ರೋಹ ಮಾಡಿದವಳಂತೆ ಇಡೀ ದಿನ ಅವರ ಕಣ್ಣು ತಪ್ಪಿಸಿ ಓಡಾಡಿದೆ.

ಮರುದಿನ ಮಧ್ಯಾಹ್ನ ಹೋಟೆಲು ತುಂಬಿತ್ತು. ಅತ್ತೆ ಬಾಗಿಲ ಬಳಿಯ ಗಲ್ಲಾಪೆಟ್ಟಿಗೆ ಹಿಂದೆ, ಅಡುಗೆಮನೆಗೆ ಬೆನ್ನು ಹಾಕಿ ಕುಳಿತಿದ್ದರು. ಎದುರಿಗೆ ಹೆದ್ದಾರಿ, ಬಸ್ಸಿನ ಹಾರ್ನು. ನಾನು ಕೋಸು ಹೆಚ್ಚುತ್ತಿದ್ದೆ. ಹನುಮೇಶ್ ಎಣ್ಣೆಗೆ ಬೆಳ್ಳುಳ್ಳಿ ಹಾಕಿ, ಸಾಸಿನ ಡಬ್ಬಿ ಹುಡುಕಲು ಅತ್ತ ತಿರುಗಿದರು.

“ಹನುಮೇಶ, ಬೆಳ್ಳುಳ್ಳಿ ಸೀಯ್ತೈತೆ ನೋಡು,” ಎಂದು ಅತ್ತೆ ಅಲ್ಲಿಂದಲೇ ಕೂಗಿದರು.

ನಾವಿಬ್ಬರೂ ಬಾಣಲೆ ನೋಡಿದೆವು. ಬೆಳ್ಳುಳ್ಳಿಯ ಅಂಚು ಕೆಂಪಗಾಗಿತ್ತು. ಇನ್ನೊಂದು ಕ್ಷಣ ಬಿಟ್ಟಿದ್ದರೆ ಕರಕಲಾಗುತ್ತಿತ್ತು. ಅವರು ತಿರುಗಿಯೂ ನೋಡಿರಲಿಲ್ಲ. ಹನುಮೇಶ್ ಗಡಬಡಿಸಿ ಕೋಸು ಸುರಿದು, ಸಟ್ಟುಗದಿಂದ ನಾಲ್ಕು ಸಲ ಎತ್ತಿ ಹಾಕಿದರು.

“ಉಪ್ಪು ಹಾಕಿಲ್ವಲ್ಲೋ.”

ಹನುಮೇಶ್ ನನ್ನತ್ತ ನೋಡಿದರು. ಒಂದು ಚೂರು ಕೋಸು ಬಾಯಿಗೆ ಹಾಕಿಕೊಂಡರು. ನಾನೂ ಹಾಕಿಕೊಂಡೆ. ಸಪ್ಪೆ. ನಮ್ಮಂಥವರು ನಾಲಿಗೆ ಇಟ್ಟುಕೊಂಡೂ ತಿಳಿಯದ್ದನ್ನು ಈ ಹೆಂಗಸು ಇಪ್ಪತ್ತು ಹೆಜ್ಜೆ ದೂರದಲ್ಲಿ, ಲಾರಿ ಸದ್ದಿನ ನಡುವೆ ಕುಳಿತು ತಿಳಿಯುತ್ತಿದ್ದಾರೆ.

ಹನುಮೇಶ್ ಭಟ್ಟಿ ಆರಿಸಿ ಹೊರಗೆ ಹೋದರು. ನಾನೂ ಹಿಂದೆ ಹೋದೆ. “ಅವ್ವ, ಉಪ್ಪು ಹಾಕಿಲ್ಲ ಅಂತ ಹೆಂಗೆ ಗೊತ್ತಾಯ್ತು?”

ಇದೇನು ಕೇಳುತ್ತೀಯ ಎನ್ನುವಂತೆ ನೋಡಿದರು. “ಉಪ್ಪು ಬಿದ್ರೆ ಕೋಸು ನೀರು ಬಿಡ್ತೈತೆ. ಸದ್ದು ಒದ್ದೆ ಆಗ್ತೈತೆ. ನಿಂದು ಒಣಗೇ ಇತ್ತು.”

ಎದುರಿನ ಮೇಜಿನಲ್ಲಿದ್ದ ಪಂಚಾಕ್ಷರಪ್ಪ, ನಮ್ಮ ಇಪ್ಪತ್ತು ವರ್ಷದ ಗಿರಾಕಿ, ತುತ್ತು ಹಿಡಿದಲ್ಲೇ ಹಿಡಿದು ಕೇಳುತ್ತಿದ್ದರು. ಹನುಮೇಶ್ ತಾಯಿಯ ಕೈ ಹಿಡಿದರು. “ಏಳವ್ವ. ಗ್ಯಾಸು ಹಚ್ಚೋದು, ಆರ್ಸೋದು ಯಮುನಾ ನೋಡ್ಕತಾಳೆ. ಮಿಕ್ಕಿದ್ದು ನಿಂದೇ.”

ಅತ್ತೆ ಎದ್ದು ಬಂದರು. ಸೆರಗು ಸಿಕ್ಕಿಸಿಕೊಂಡು ಬಾಣಲೆ ಮುಂದೆ ನಿಂತರು, ಬೆಂಕಿಪೊಟ್ಟಣ ನನ್ನ ಕೈಗೆ ಕೊಟ್ಟರು. ಒಂಬತ್ತು ವರ್ಷದಿಂದ ಅಡುಗೆ ವಿಷಯಕ್ಕೆ ಅವರು ನನ್ನನ್ನು ಏನೂ ಕೇಳಿದವರಲ್ಲ.

“ವಾಸ್ನೆ ಏನಾದ್ರೂ ಐತೇನೇ?” ಎಂದು ಕೇಳಿದರು.

ಉಸಿರು ಎಳೆದು ನೋಡಿದೆ. ಬೆಳ್ಳುಳ್ಳಿ, ಸೋಯಾ, ಅವರ ಸೀರೆಯ ಸೋಪಿನ ವಾಸನೆ.

“ಇಲ್ಲ ಅತ್ತೆ.”

“ಹಂಗಾದ್ರೆ ಹಚ್ಚು.”

ಹಚ್ಚಿದೆ.